ಹತ್ತಿ ಬಿಡಿಸಿದ ಕೈ, ಮೈಕು ಹಿಡಿದ ಕಥೆ

ಅಮೆರಿಕ ಎಂದ ಕೂಡಲೇ ನಮ್ಮಲ್ಲಿ ಹಲವರ ಕಣ್ಣಮುಂದೆ ಬರುವುದು ಎತ್ತರದ ಕಟ್ಟಡ, ಅಗಲ ರಸ್ತೆ, ಕಂಪ್ಯೂಟರ್ ಕಂಪನಿ. ಆದರೆ ಆ ದೇಶದಲ್ಲೂ ಹಳ್ಳಿಗಳಿವೆ. ಕಣ್ಣು ಹಾಯುವಷ್ಟು ದೂರ ಹತ್ತಿ ಹೊಲಗಳಿವೆ. ಧಣಿಯ ಅಂಗಡಿಯ ಸಾಲದಲ್ಲಿ ಹುಟ್ಟಿ, ಅದೇ ಸಾಲದಲ್ಲಿ ಸತ್ತ ಜನರ ಕಥೆಗಳಿವೆ. ಇವತ್ತು ನಾವು ಹೇಳಹೊರಟಿರುವುದು ಅಂಥ ಒಂದು ಹಳ್ಳಿಯಿಂದ ಎದ್ದುಬಂದ ಕಪ್ಪು ಹೆಣ್ಣುಮಗಳೊಬ್ಬಳ ಚರಿತ್ರೆ. ಹೆಸರು ಫ್ಯಾನಿ ಲೂ ಹ್ಯಾಮರ್. ಊರು ಮಿಸಿಸಿಪಿ ರಾಜ್ಯದ ರೂಲ್‌ವಿಲ್.

ಅಮೆರಿಕದ ಕಪ್ಪು ಜನರ ಹೋರಾಟ ಎಂದರೆ ಮಾರ್ಟಿನ್ ಲೂಥರ್ ಕಿಂಗ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆ ಹೋರಾಟವನ್ನು ಹಳ್ಳಿಹಳ್ಳಿಗೆ ಒಯ್ದವರಲ್ಲಿ, ಮನೆ ಮನೆ ತಿರುಗಿದವರಲ್ಲಿ, ಬಂದವರಿಗೆ ಅಡುಗೆ ಮಾಡಿ ಹಾಕಿ ಮಲಗಲು ಜಾಗ ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು. ವೇದಿಕೆಯ ಮೇಲೆ ಮಾತ್ರ ಅವರು ಕಡಿಮೆ. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನ ಸೇರಿದ ಆ ಪ್ರಸಿದ್ಧ ಸಭೆಯಲ್ಲಿ ಮುಖ್ಯ ಭಾಷಣ ಮಾಡಿದ ನಾಯಕರೆಲ್ಲ ಗಂಡಸರು. ಹೆಂಗಸರ ಪಾಲಿಗೆ ಬಂದದ್ದು ಹಾಡು ಮತ್ತು ಎರಡು ಮಾತು. ಹೀಗಿದ್ದಾಗ ಆರನೇ ತರಗತಿಯಷ್ಟೇ ಓದಿದ, ಕುಂಟುತ್ತ ನಡೆಯುವ ಕೂಲಿ ಹೆಂಗಸೊಬ್ಬಳು ದೇಶದ ಅಧ್ಯಕ್ಷನೇ ಹೆದರುವಂತೆ ಮಾತಾಡಿದ್ದು ಹೇಗೆ? ಆ ಮಾತಿನ ಹಿಂದೆ ಏನೇನಿತ್ತು?

ಮೂವತ್ತು ಪೌಂಡ್ ಹತ್ತಿ

ಫ್ಯಾನಿ ಲೂ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು. ಅಪ್ಪ ಅಮ್ಮನಿಗೆ ಇಪ್ಪತ್ತು ಮಕ್ಕಳು, ಇವಳು ಕೊನೆಯವಳು. ಮನೆಯವರೆಲ್ಲ ಬಿಳಿಯ ಧಣಿಗಳ ಜಮೀನಿನಲ್ಲಿ ಪಾಲಿಗೆ ಬೇಸಾಯ ಮಾಡುವವರು. ನಮ್ಮ ಕಡೆ ಕೋರು ಎನ್ನುತ್ತೇವಲ್ಲ, ಆ ಥರ. ಜಮೀನು ಧಣಿಯದು, ದುಡಿಮೆ ಇವರದು, ಬೆಳೆ ಅರ್ಧರ್ಧ. ಕೇಳಲು ನ್ಯಾಯವಾಗಿದೆ. ಆದರೆ ಬೀಜ, ಗೊಬ್ಬರ, ಹಿಟ್ಟು, ಎಣ್ಣೆ ಎಲ್ಲವನ್ನೂ ವರ್ಷಪೂರ್ತಿ ಧಣಿಯ ಅಂಗಡಿಯಿಂದಲೇ ಸಾಲ ತರಬೇಕು. ಲೆಕ್ಕ ಬರೆಯುವವನೂ ಅವನೇ. ಸುಗ್ಗಿ ಮುಗಿದ ಮೇಲೆ ಇವರ ಅರ್ಧದಲ್ಲಿ ಸಾಲ ಮುರಿದುಕೊಂಡರೆ ಕೈಗೆ ಬರುವುದು ಚಿಲ್ಲರೆ. ಕೆಲವು ವರ್ಷ ಅದೂ ಇಲ್ಲ, ಮೇಲೆ ಇನ್ನಷ್ಟು ಬಾಕಿ.

ಆರು ವರ್ಷದ ಹುಡುಗಿ ರಸ್ತೆಬದಿಯಲ್ಲಿ ಆಡುತ್ತಿದ್ದಾಗ ಧಣಿ ಬಂದು, ಹತ್ತಿ ಬಿಡಿಸುತ್ತೀಯಾ ಎಂದು ಕೇಳಿದ. ವಾರದಲ್ಲಿ ಮೂವತ್ತು ಪೌಂಡ್, ಅಂದರೆ ಹದಿಮೂರು ಹದಿನಾಲ್ಕು ಕೆಜಿ ಬಿಡಿಸಿದರೆ ಅಂಗಡಿಯಿಂದ ಬೇಕಾದ ತಿಂಡಿ ಕೊಡುವುದಾಗಿ ಆಸೆ ತೋರಿಸಿದ. ಮಗು ಬಿಡಿಸಿತು. ಮುಂದಿನ ವಾರ ಅರವತ್ತು ಪೌಂಡ್ ಬಿಡಿಸಬೇಕಾಯಿತು. ಹದಿಮೂರನೇ ವಯಸ್ಸಿಗೆ ಅವಳು ದಿನಕ್ಕೆ ಇನ್ನೂರು ಪೌಂಡಿಗೂ ಹೆಚ್ಚು ಬಿಡಿಸುತ್ತಿದ್ದಳು. ಆ ಕಾಲಿಗೆ ಮೊದಲೇ ಪೋಲಿಯೊ ಬಡಿದಿತ್ತು ಎಂಬುದನ್ನು ನೆನಪಿಡಿ.

ಕಪ್ಪು ಮಕ್ಕಳಿಗೆ ಶಾಲೆ ನಡೆಯುತ್ತಿದ್ದುದು ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದ ನಾಲ್ಕು ತಿಂಗಳು ಮಾತ್ರ. ಓದಿನಲ್ಲಿ ಚುರುಕಾಗಿದ್ದ ಹುಡುಗಿ ಹನ್ನೆರಡರ ಹೊತ್ತಿಗೆ ಶಾಲೆ ಬಿಟ್ಟಳು.

ಒಂದು ವರ್ಷ ಅಪ್ಪ ಕಷ್ಟಪಟ್ಟು ಹಣ ಕೂಡಿಸಿ ಹೇಸರಗತ್ತೆಗಳನ್ನೂ ಗಾಡಿಯನ್ನೂ ಉಳುಮೆಯ ಸಾಮಾನನ್ನೂ ಕೊಂಡ. ಇನ್ನು ಪಾಲಿಗೆ ಮಾಡುವುದು ತಪ್ಪಿತು, ಜಮೀನನ್ನು ಗುತ್ತಿಗೆಗೆ ಹಿಡಿದು ಸ್ವಂತ ಬೇಸಾಯ ಮಾಡಬಹುದು ಎಂಬ ಆಸೆ. ಒಂದು ರಾತ್ರಿ ಯಾರೋ ಬಿಳಿಯ ನೆರೆಯವನು ದನಗಳ ಮೇವಿಗೆ ವಿಷ ಬೆರೆಸಿದ. ಕೊಂಡ ಪ್ರಾಣಿಗಳೆಲ್ಲ ಸತ್ತವು. ಮನೆ ಮತ್ತೆ ಮೇಲೇಳಲಿಲ್ಲ ಎಂದು ಹ್ಯಾಮರ್ ಅವರು ದೊಡ್ಡವರಾದ ಮೇಲೂ ಹೇಳಿಕೊಳ್ಳುತ್ತಿದ್ದರು. ಬಡವನ ಕೈಗೆ ಸ್ವಂತದ್ದೊಂದು ಬಂದರೆ ಯಾರಿಗೆ ಏಕೆ ಸಂಕಟವಾಗುತ್ತದೆ ಎಂಬ ಪಾಠ ಅವರಿಗೆ ಬಾಲ್ಯದಲ್ಲೇ ಆಗಿತ್ತು. ಮುಂದೆ ಅವರು ಮಾಡಿದ ಕೆಲಸ ಅರ್ಥವಾಗಬೇಕಾದರೆ ಈ ಸತ್ತ ಹೇಸರಗತ್ತೆಗಳು ನಮ್ಮ ನೆನಪಿನಲ್ಲಿರಬೇಕು.

ತಕ್ಕಡಿಯ ಗುಂಡು

1940ರ ದಶಕದಲ್ಲಿ ಪೆರಿ ಹ್ಯಾಮರ್ ಎಂಬುವರೊಂದಿಗೆ ಮದುವೆಯಾಯಿತು. ಗಂಡ ಹೆಂಡತಿ ರೂಲ್‌ವಿಲ್ ಬಳಿಯ ಮಾರ್ಲೋ ಎಂಬ ಧಣಿಯ ಜಮೀನಿನಲ್ಲಿ ಹದಿನೆಂಟು ವರ್ಷ ದುಡಿದರು. ಓದು ಬರಹ ಬರುತ್ತಿದ್ದರಿಂದ ಹ್ಯಾಮರ್ ಅವರಿಗೆ ಅಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಯಾರು ಎಷ್ಟು ಹೊತ್ತು ದುಡಿದರು, ಎಷ್ಟು ಹತ್ತಿ ತೂಗಿತು, ಯಾರಿಗೆಷ್ಟು ಕೂಲಿ, ಇದೆಲ್ಲ ಅವರ ಪುಸ್ತಕದಲ್ಲಿ.

ತೂಕದಲ್ಲಿ ಮೋಸ ಎಂದರೆ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ತೂಗುತ್ತಿದ್ದುದು ದಂಡಿಗೆ ತಕ್ಕಡಿಯಲ್ಲಿ. ದಂಡಿಗೆಯ ಮೇಲೆ ಸರಿಸುವ ಕಬ್ಬಿಣದ ಗುಂಡು ನಿಜದ ತೂಕಕ್ಕಿಂತ ಭಾರವಾಗಿದ್ದರೆ ಹತ್ತಿ ಕಡಿಮೆ ತೋರಿಸುತ್ತದೆ. ಧಣಿ ಇಲ್ಲದ ಹೊತ್ತು ನೋಡಿ ಹ್ಯಾಮರ್ ಅವರು ತಾವು ಬಚ್ಚಿಟ್ಟು ತಂದ ಸರಿಯಾದ ಗುಂಡನ್ನು ಹಾಕಿ ತೂಗುತ್ತಿದ್ದರು. ಆ ದಿನ ಕೂಲಿಗಳಿಗೆ ನ್ಯಾಯದ ತೂಕ ಸಿಗುತ್ತಿತ್ತು. ಅವನು ವಾಪಸು ಬಂದರೆ ಗುಂಡು ಮತ್ತೆ ಮಡಿಲಿಗೆ.

ನಾಯಕತ್ವ ಎಂದರೆ ಮೈಕಿನ ಮುಂದೆ ನಿಂತ ದಿನ ಶುರುವಾಗುವುದು ಎಂದುಕೊಂಡವರು ಈ ಗುಂಡನ್ನು ಗಮನಿಸಬೇಕು. ಯಾವ ಸಂಘವೂ ಇಲ್ಲ, ಕಾಯ್ದೆಯೂ ಇಲ್ಲ, ಯಾರೂ ಹೇಳಿಕೊಟ್ಟಿದ್ದೂ ಇಲ್ಲ. ತನಗಿದ್ದ ಸಣ್ಣ ಅಧಿಕಾರವನ್ನು ತನ್ನವರ ಕಡೆಗೆ ವಾಲಿಸಿದ ಹೆಂಗಸು ಆಗಲೇ ನಾಯಕಿಯಾಗಿದ್ದಳು. ಊರ ಜನ ಅವರನ್ನು ನಂಬಿದ್ದೂ ಅದಕ್ಕೇ.

1961ರಲ್ಲಿ ಇನ್ನೊಂದು ಏಟು ಬಿತ್ತು. ಹೊಟ್ಟೆಯ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದಾಗ ವೈದ್ಯ ಕೇಳದೆ ಹೇಳದೆ ಗರ್ಭಕೋಶವನ್ನೇ ತೆಗೆದುಹಾಕಿದ. ಬಡ ಕಪ್ಪು ಹೆಂಗಸರಿಗೆ ಹೀಗೆ ಮಾಡುವುದು ಆ ಸೀಮೆಯಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೊಂದು ಅಡ್ಡಹೆಸರೇ ಹುಟ್ಟಿಕೊಂಡಿತ್ತು. ಈ ನೋವನ್ನು ಅವರು ಮುಚ್ಚಿಡಲಿಲ್ಲ. ಮುಂದೆ ಸಭೆಗಳಲ್ಲಿ ಬಾಯಿಬಿಟ್ಟು ಹೇಳಿದರು. ಸ್ವಂತ ಮಕ್ಕಳಿಲ್ಲದ ದಂಪತಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿಕೊಂಡಿದ್ದರು.

ಒಂದು ಬಸ್ಸು, ಹದಿನೆಂಟು ಜನ

1962ರ ಆಗಸ್ಟ್. ರೂಲ್‌ವಿಲ್‌ನ ಒಂದು ಸಣ್ಣ ಚರ್ಚಿನಲ್ಲಿ ಸಭೆ. ಊರಿಂದೂರಿಗೆ ತಿರುಗುತ್ತಿದ್ದ ಯುವ ಕಾರ್ಯಕರ್ತರು ಬಂದು, ಕಪ್ಪು ಜನರಿಗೂ ಮತದ ಹಕ್ಕಿದೆ, ಹೆಸರು ನೋಂದಾಯಿಸಿ ಎಂದರು. ಹ್ಯಾಮರ್ ಅವರಿಗೆ ಆಗ 44 ವರ್ಷ. ತನಗೆ ಅಂಥ ಹಕ್ಕಿದೆ ಎಂಬುದೇ ಅವರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಯಾರು ಬರುತ್ತೀರಿ ಎಂದಾಗ ಕೈ ಎತ್ತಿದರು.

ಆಗಸ್ಟ್ 31ರಂದು ಹದಿನೆಂಟು ಜನ ಒಂದು ಹಳೇ ಬಸ್ಸಿನಲ್ಲಿ ನಲವತ್ತು ಕಿಲೋಮೀಟರ್ ದೂರದ ಇಂಡಿಯನೋಲಾ ಎಂಬ ಊರಿಗೆ ಹೋದರು. ನಮ್ಮ ತಾಲ್ಲೂಕು ಕೇಂದ್ರದ ಹಾಗೆ ಅದು ಅವರ ಕೌಂಟಿಯ ಕೇಂದ್ರ. ಅಲ್ಲಿ ಹೆಸರು ಬರೆಸುವುದೆಂದರೆ ನಮ್ಮಂತೆ ಅರ್ಜಿ ಕೊಟ್ಟು ಬರುವುದಲ್ಲ, ಪರೀಕ್ಷೆ. ರಾಜ್ಯದ ಸಂವಿಧಾನದ ಒಂದು ಕಲಮನ್ನು ನಕಲು ಮಾಡಿ ಅದರ ಅರ್ಥ ವಿವರಿಸಬೇಕು. ಪಾಸು ಫೇಲು ತೀರ್ಮಾನಿಸುವುದು ಬಿಳಿಯ ಗುಮಾಸ್ತ. ವಕೀಲರೂ ತಡವರಿಸುವಂಥ ಕಲಮನ್ನು ಹ್ಯಾಮರ್ ಅವರಿಗೆ ಕೊಟ್ಟರು. ಫೇಲಾದರು. ಇನ್ನೊಂದು ಉಪಾಯವೂ ಇತ್ತು. ಆ ವರ್ಷ ಬಂದ ಹೊಸ ಕಾಯ್ದೆಯಂತೆ ಅರ್ಜಿದಾರರ ಹೆಸರುಗಳನ್ನು ಎರಡು ವಾರ ಪತ್ರಿಕೆಯಲ್ಲಿ ಹಾಕಬೇಕು. ಯಾರ ಆಳು ಹೋಗಿ ಅರ್ಜಿ ಹಾಕಿದ್ದಾನೆ ಎಂಬುದು ಧಣಿಗಳಿಗೆ ಮನೆಯಲ್ಲೇ ಕುಳಿತು ತಿಳಿಯುತ್ತಿತ್ತು.

ವಾಪಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿದರು. ಶಾಲಾ ಬಸ್ಸಿನಂತೆ ಹಳದಿ ಬಣ್ಣವಿದೆ ಎಂಬ ನೆಪ ತೆಗೆದು ಚಾಲಕನಿಗೆ 100 ಡಾಲರ್ ದಂಡ ಎಂದರು. ಬಸ್ಸಿನೊಳಗೆ ಎಲ್ಲರ ಎದೆ ಡವಗುಟ್ಟುತ್ತಿದ್ದಾಗ ಹಿಂದಿನಿಂದ ಒಂದು ದನಿ ಚರ್ಚಿನ ಹಾಡು ಹಿಡಿಯಿತು. ಅದು ಹ್ಯಾಮರ್ ಅವರದು. ಉಳಿದವರೂ ದನಿಗೂಡಿಸಿದರು. ಕೊನೆಗೆ ದಂಡವನ್ನು 30 ಡಾಲರಿಗೆ ಇಳಿಸಿಕೊಂಡು, ಎಲ್ಲರೂ ಕೈಯಲ್ಲಿದ್ದ ಹಣ ಕೂಡಿಸಿ ಕಟ್ಟಿ ಹೊರಟರು.

ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಧಣಿ ಬಾಗಿಲಿಗೆ ಬಂದ. ಅರ್ಜಿ ವಾಪಸು ತಗೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ನಾನು ಹೆಸರು ಬರೆಸಲು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ ಎಂಬ ಅರ್ಥದ ಉತ್ತರ ಕೊಟ್ಟು ಹ್ಯಾಮರ್ ಅವರು ಆ ರಾತ್ರಿಯೇ ಮನೆ ಬಿಟ್ಟರು. ಹದಿನೆಂಟು ವರ್ಷದ ದುಡಿಮೆ ಒಂದು ಅರ್ಜಿಗೆ ಮುಗಿಯಿತು. ಸೆಪ್ಟೆಂಬರ್ 10ರ ರಾತ್ರಿ, ಅವರಿಗೆ ಆಸರೆ ಕೊಟ್ಟಿದ್ದ ಊರವರ ಮನೆಗೆ ಹದಿನಾರು ಗುಂಡು ಹಾರಿದವು. ಯಾರಿಗೂ ತಾಗಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋಗಿ ಪರೀಕ್ಷೆ ಬರೆದರು. 1963ರ ಜನವರಿಯಲ್ಲಿ ಪಾಸಾಯಿತು. ಮತ ಹಾಕಲು ಹೋದಾಗ, ಎರಡು ವರ್ಷದ ಮತದ ತೆರಿಗೆಯ ರಸೀದಿ ತೋರಿಸಿ ಎಂದು ವಾಪಸು ಕಳಿಸಿದರು.

ಬ್ಯೂಟಿ ಪಾರ್ಲರ್ ನಡೆಸುವ ಟೀಚರಮ್ಮ

ಹ್ಯಾಮರ್ ಅವರ ಮುಂದಿನ ದಾರಿ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ, ಇನ್ನೊಂದು ರಾಜ್ಯಕ್ಕೆ ಹೋಗಬೇಕು. ಸೌತ್ ಕ್ಯಾರೊಲಿನಾದಲ್ಲಿ ಸೆಪ್ಟಿಮಾ ಕ್ಲಾರ್ಕ್ ಎಂಬ ಶಿಕ್ಷಕಿ ಇದ್ದರು. ಕಪ್ಪು ಜನರ ಹಕ್ಕಿಗಾಗಿ ಕೆಲಸ ಮಾಡುವ ಸಂಘದ ಸದಸ್ಯತ್ವ ಬಿಡಲೊಪ್ಪದ ಕಾರಣಕ್ಕೆ 1956ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡರು. ದಶಕಗಳ ಸೇವೆಯ ಪಿಂಚಣಿಯೂ ಹೋಯಿತು. ಅವರು ಟೆನೆಸಿಯ ಹೈಲ್ಯಾಂಡರ್ ಎಂಬ ತರಬೇತಿ ಶಾಲೆ ಸೇರಿ, ದೊಡ್ಡವರಿಗೆ ಓದು ಬರಹ ಕಲಿಸುವ ಯೋಜನೆ ರೂಪಿಸಿದರು. ಜಾನ್ಸ್ ದ್ವೀಪದ ಈಸಾ ಜೆಂಕಿನ್ಸ್ ಎಂಬ ಸ್ಥಳೀಯ ಮುಖಂಡರು ಜತೆಗೂಡಿದರು. 1957ರ ಜನವರಿಯಲ್ಲಿ ಅಲ್ಲಿ ಮೊದಲ ‘ನಾಗರಿಕ ಶಾಲೆ’ ಶುರುವಾಯಿತು. ಜಾಗ ಯಾವುದು ಗೊತ್ತೇ? ಊರವರು ಕೂಡಿ ನಡೆಸುತ್ತಿದ್ದ ಸಹಕಾರಿ ಅಂಗಡಿಯ ಹಿಂದಿನ ಕೋಣೆ. ಮುಂದೆ ದಿನಸಿ ಇದ್ದುದರಿಂದ ಹಿಂದೆ ಪಾಠ ನಡೆಯುತ್ತದೆಂದು ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಕಲಿಸಲು ಆರಿಸಿದ್ದು ಬರ್ನಿಸ್ ರಾಬಿನ್ಸನ್ ಎಂಬ ಹೆಂಗಸನ್ನು. ಅವರು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. ಟೀಚರ್ ಟ್ರೈನಿಂಗ್ ಆಗಿರಲಿಲ್ಲ. ಹಾಗಾದರೆ ಅವರನ್ನೇ ಏಕೆ? ಒಂದು, ಪಾರ್ಲರಿಗೆ ಬರುವವರೆಲ್ಲ ಕಪ್ಪು ಹೆಂಗಸರೇ. ಬಿಳಿಯ ಧಣಿ ಸಿಟ್ಟಾದರೂ ಅವರ ಕೆಲಸ ಕಿತ್ತುಕೊಳ್ಳಲು ಆಗುವುದಿಲ್ಲ. ಎರಡು, ಓದು ಬಾರದ ಹಿರಿಯರ ಮುಂದೆ ಟೀಚರಿನ ಗತ್ತು ತೋರಿಸುವವರಲ್ಲ. ಮೊದಲ ದಿನ ಬಂದ ಹದಿನಾಲ್ಕು ಜನರಿಗೆ, ನಾನು ಟೀಚರಲ್ಲ, ಕೂಡಿ ಕಲಿಯೋಣ, ನಿಮಗೇನು ಬೇಕು ಹೇಳಿ ಎಂದರು. ಅವರು ಕೇಳಿದ್ದು ಹೆಸರು ಬರೆಯಲು, ಪತ್ರ ಓದಲು, ಮನಿಯಾರ್ಡರ್ ಫಾರಂ ತುಂಬಲು. ಪಾಠ ಅಲ್ಲಿಂದಲೇ ಶುರು. ನಂತರ ಮತದಾರರ ಅರ್ಜಿ, ಸಂವಿಧಾನದ ಕಲಮು. ನಮ್ಮ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗಳನ್ನು ಕಂಡವರಿಗೆ ಈ ಚಿತ್ರ ಹೊಸದೆನಿಸದು.

ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದವು. 1961ರಲ್ಲಿ ಈ ಕೆಲಸ ಕಿಂಗ್ ಅವರ ಸಂಘಟನೆಯ ಕೈಗೆ ಬಂತು, ಕ್ಲಾರ್ಕ್ ಕೂಡ ಅಲ್ಲಿಗೆ ಬಂದರು. ಸಾವಿರಾರು ಜನರನ್ನು ತಯಾರು ಮಾಡಿದ ಈ ಹೆಂಗಸಿನ ಮಾತಿಗೆ ಸಂಘಟನೆಯ ಸಭೆಗಳಲ್ಲಿ ಬೆಲೆಯಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಇವರಿಗೇನು ಕೆಲಸ ಎಂದು ಕೇಳಿದ ಮುಖಂಡರೂ ಇದ್ದರು. ಕ್ಲಾರ್ಕ್ ಅವರೇ ಇದನ್ನು ಮುಂದೆ ಬರೆದಿಟ್ಟಿದ್ದಾರೆ. ಬಿಳಿಯರಿಂದ ಒಂದು ಅವಮಾನ, ತಮ್ಮದೇ ಗಂಡಸರಿಂದ ಇನ್ನೊಂದು. ಕಪ್ಪು ಹೆಂಗಸರು ಎರಡು ಕಡೆಯೂ ಬಾಗಿಲು ತಟ್ಟಬೇಕಿತ್ತು.

ಆ ನಾಗರಿಕ ಶಾಲೆಗಳ ತರಬೇತಿಗೇ ಹ್ಯಾಮರ್ ಅವರು 1963ರಲ್ಲಿ ಸೌತ್ ಕ್ಯಾರೊಲಿನಾಕ್ಕೆ ಹೋದರು. ವಾಪಸು ಬರುವಾಗ, ಜೂನ್ 9ರಂದು, ವಿನೋನಾ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಅವರ ಗುಂಪಿನವರು ಹೋಟೆಲಿನೊಳಗೆ ಹೋಗಿ ಕುಳಿತರು. ಕಪ್ಪು ಜನರಿಗೆ ಅಲ್ಲಿ ಜಾಗವಿಲ್ಲ. ಪೊಲೀಸರು ಹಿಡಿದೊಯ್ದರು. ಜೈಲಿನಲ್ಲಿ ಇಬ್ಬರು ಕಪ್ಪು ಕೈದಿಗಳ ಕೈಗೇ ದೊಣ್ಣೆ ಕೊಟ್ಟು ಹ್ಯಾಮರ್ ಅವರನ್ನು ಹೊಡೆಸಿದರು. ಗುಂಪಿನಲ್ಲಿದ್ದ ಹದಿನೈದು ವರ್ಷದ ಹುಡುಗಿಯನ್ನೂ ಬಿಡಲಿಲ್ಲ. ಹ್ಯಾಮರ್ ಅವರ ಮೂತ್ರಪಿಂಡ ಮತ್ತು ಕಣ್ಣಿಗೆ ಆದ ಪೆಟ್ಟು ಸಾಯುವವರೆಗೂ ವಾಸಿಯಾಗಲಿಲ್ಲ. ಜೂನ್ 12ರಂದು ಬಿಡುಗಡೆಯಾಗಿ ಹೊರಬಂದಾಗ ಕಿವಿಗೆ ಬಿದ್ದದ್ದು ಹೋರಾಟದ ಮುಖಂಡ ಮೆಡ್ಗರ್ ಎವರ್ಸ್ ಅವರನ್ನು ಅದೇ ದಿನ ಬೆಳಗಿನ ಜಾವ ಗುಂಡಿಟ್ಟು ಕೊಂದ ಸುದ್ದಿ. ಹೊಡೆಸಿದ ಪೊಲೀಸರ ಮೇಲೆ ಮೊಕದ್ದಮೆಯೇನೋ ನಡೆಯಿತು. ಬಿಳಿಯರೇ ತುಂಬಿದ್ದ ಜ್ಯೂರಿ ಅವರನ್ನು ಬಿಟ್ಟುಬಿಟ್ಟಿತು.

ಅಧ್ಯಕ್ಷ ಹೆದರಿದ ಭಾಷಣ

1964ರಲ್ಲಿ ಅಧ್ಯಕ್ಷ ಚುನಾವಣೆ. ಡೆಮಾಕ್ರಟಿಕ್ ಪಕ್ಷದ ಮಿಸಿಸಿಪಿ ಘಟಕದಲ್ಲಿ ಬಿಳಿಯರು ಮಾತ್ರ. ರಾಜ್ಯದಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪೈಕಿ ಪಟ್ಟಿಯಲ್ಲಿ ಹೆಸರಿದ್ದುದು ಶೇ 7ಕ್ಕೂ ಕಡಿಮೆ. ಆಗ ಹ್ಯಾಮರ್ ಮತ್ತು ಸಂಗಡಿಗರು ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಎಂಬ ಬೇರೆ ಪಕ್ಷ ಕಟ್ಟಿದರು. ಹಳ್ಳಿಗಳಲ್ಲಿ ಸಭೆ ನಡೆಸಿ 68 ಪ್ರತಿನಿಧಿಗಳನ್ನು ಆರಿಸಿದರು. ಕೂಲಿಗಳು, ಮನೆಗೆಲಸದವರು, ಸಣ್ಣ ರೈತರು. ಬಸ್ಸು ಹತ್ತಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ಪಕ್ಷದ ಮಹಾಧಿವೇಶನಕ್ಕೆ ಹೋಗಿ, ನಿಜವಾದ ಪ್ರತಿನಿಧಿಗಳು ನಾವು, ಕುರ್ಚಿ ನಮಗೆ ಕೊಡಿ ಎಂದು ಕೇಳಿದರು.

ಆಗಸ್ಟ್ 22ರಂದು ಪಕ್ಷದ ಸಮಿತಿಯ ಮುಂದೆ ಹ್ಯಾಮರ್ ಅವರು ಸಾಕ್ಷಿ ಹೇಳಿದರು. ಕೈಯಲ್ಲಿ ಕಾಗದವಿಲ್ಲ. ಮೊದಲು ಹೆಸರು, ವಿಳಾಸ. ಆಮೇಲೆ ಬಸ್ಸು, ಪರೀಕ್ಷೆ, ಧಣಿ, ಹದಿನಾರು ಗುಂಡು, ವಿನೋನಾದ ಜೈಲು. ಇದೇನಾ ಅಮೆರಿಕ ಎಂಬ ಪ್ರಶ್ನೆಯೊಂದಿಗೆ ಮುಗಿಸಿದರು. ಟಿ.ವಿ. ಕ್ಯಾಮೆರಾಗಳು ನೇರ ಪ್ರಸಾರ ಮಾಡುತ್ತಿದ್ದವು. ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ದಕ್ಷಿಣದ ಬಿಳಿಯರ ಮತ ಕೈತಪ್ಪುವ ಭಯ. ಅವರು ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು, ಕ್ಯಾಮೆರಾಗಳು ಅತ್ತ ತಿರುಗಿದವು. ಆದರೆ ಉಪಾಯ ತಿರುಗುಬಾಣವಾಯಿತು. ಸಂಜೆ ಸುದ್ದಿಯಲ್ಲಿ ಚಾನೆಲ್ಲುಗಳು ಹ್ಯಾಮರ್ ಅವರ ಮಾತನ್ನು ಪ್ರಸಾರ ಮಾಡಿದವು. ಹಗಲು ಕೆಲಸಕ್ಕೆ ಹೋದವರೆಲ್ಲ ಮನೆಯಲ್ಲಿರುವ ಹೊತ್ತು ಅದು. ದೇಶವೇ ನೋಡಿತು.

ಆಮೇಲೆ ರಾಜಿಯ ಮಾತು ಬಂತು. 68 ಜನರಿಗೆ ಎರಡು ಕುರ್ಚಿ. ಆ ಇಬ್ಬರು ಯಾರೆಂಬುದನ್ನೂ ಪಕ್ಷದವರೇ ತೀರ್ಮಾನಿಸಿದ್ದರು, ಇಬ್ಬರೂ ಗಂಡಸರು. ಒಪ್ಪಿಕೊಳ್ಳಿ ಎಂದು ದೊಡ್ಡ ದೊಡ್ಡ ನಾಯಕರು ಬುದ್ಧಿ ಹೇಳಿದರು. ಹ್ಯಾಮರ್ ಅವರು ಒಪ್ಪಲಿಲ್ಲ. ಎರಡು ಕುರ್ಚಿಗಾಗಿ ನಾವು ಇಷ್ಟು ದೂರ ಬಂದಿಲ್ಲ ಎಂದರು. ಬರಿಗೈಯಲ್ಲೇ ಊರಿಗೆ ಮರಳಿದರು.

ಸೋತರು ಎನ್ನಬೇಕೇ? ಮರುವರ್ಷ, 1965ರ ಆಗಸ್ಟ್ 6ರಂದು, ಮತದ ಹಕ್ಕು ಕಾಯ್ದೆಗೆ ಅದೇ ಜಾನ್ಸನ್ ಸಹಿ ಹಾಕಿದರು. ಇಂಡಿಯನೋಲಾದ ಗುಮಾಸ್ತನ ಪರೀಕ್ಷೆ ಕೊನೆಯಾಯಿತು. 1967ರ ಹೊತ್ತಿಗೆ ಮಿಸಿಸಿಪಿಯಲ್ಲಿ ಹೆಸರು ಬರೆಸಿದ ಕಪ್ಪು ಮತದಾರರು ಶೇ 60ರ ಹತ್ತಿರ ಬಂದರು. 1968ರ ಅಧಿವೇಶನದಲ್ಲಿ ಹ್ಯಾಮರ್ ಅವರು ಪ್ರತಿನಿಧಿಯಾಗಿ ಒಳಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮತ ಬಂತು, ಹಿಟ್ಟೆಲ್ಲಿ?

ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಹಳ್ಳಿಯವರಾದ ನಮಗೆ ಇದರ ಮುಂದಿನ ಭಾಗವೇ ಮುಖ್ಯ.

1960ರ ದಶಕದ ಹೊತ್ತಿಗೆ ಹತ್ತಿ ಬಿಡಿಸುವ ಯಂತ್ರ ಬಂದಿತ್ತು. ಕಳೆ ಕೊಲ್ಲುವ ಔಷಧಿ ಬಂತು. ಕೂಲಿಯವರ ಅಗತ್ಯ ಕಡಿಮೆಯಾಯಿತು. 1965ರಲ್ಲಿ ಶಾ ಎಂಬ ಊರಿನಿಂದ ಶುರುವಾದ ಕೃಷಿ ಕೂಲಿಗಳ ಸಂಘ ಮುಷ್ಕರ ಹೂಡಿದಾಗ, ಹತ್ತಿ ಹೊಲದಲ್ಲಿ ಕಳೆ ತೆಗೆದವರಿಗೆ ಸಿಗುತ್ತಿದ್ದುದು ದಿನಕ್ಕೆ 3 ಡಾಲರ್. ಅವರು ಕೇಳಿದ್ದು ಗಂಟೆಗೆ ಒಂದೂಕಾಲು ಡಾಲರ್. ಹ್ಯಾಮರ್ ಅವರು ಅವರ ಬೆಂಬಲಕ್ಕೆ ನಿಂತರು. ಆದರೆ ಯಂತ್ರವಿರುವ ಧಣಿಗೆ ಮುಷ್ಕರದ ಭಯ ಎಷ್ಟಿರುತ್ತದೆ? ಮುಷ್ಕರ ಮಾಡಿದವರು ಮನೆಯನ್ನೇ ಕಳೆದುಕೊಂಡರು. ಮತ ಹಾಕಿದವರಿಗೂ ಅದೇ ಶಿಕ್ಷೆ. ಕೆಲಸ ಬಿಡಿಸು, ಮನೆ ಬಿಡಿಸು, ಹಸಿವಿಗೆ ತಾನೇ ಬಗ್ಗುತ್ತಾರೆ.

ಈ ಸಿಕ್ಕನ್ನು ಹ್ಯಾಮರ್ ಅವರು ತಮ್ಮದೇ ರೀತಿಯಲ್ಲಿ ಬಿಡಿಸಲು ಹೊರಟರು. ಮನೆಯಲ್ಲಿ ಡಬ್ಬಿ ತುಂಬ ಸೊಪ್ಪು ಕಾಳು ಇಟ್ಟುಕೊಂಡವಳನ್ನು ಯಾರೂ ಹೆದರಿಸಲಾರರು ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತಿನ ತಿರುಳು. ಮೊದಲು ಬಂದದ್ದು ‘ಹಂದಿ ಬ್ಯಾಂಕ್’. ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿ ಹಂದಿಗಳನ್ನು ಕೊಂಡುಕೊಟ್ಟಿತು. ಒಂದು ಬಡ ಕುಟುಂಬಕ್ಕೆ ಒಂದು ಹೆಣ್ಣು ಹಂದಿ. ಅದು ಮರಿ ಹಾಕಿದಾಗ ಮರಿಗಳಲ್ಲಿ ಎರಡನ್ನು ಬ್ಯಾಂಕಿಗೆ ಮರಳಿಸಬೇಕು, ಉಳಿದವು ಮನೆಗೆ. ಮರಳಿದ ಮರಿ ಮತ್ತೊಂದು ಮನೆಗೆ. ಬಡ್ಡಿ ಇಲ್ಲ, ಜಾಮೀನಿಲ್ಲ. ಸ್ವಸಹಾಯ ಸಂಘದಲ್ಲಿ ಕುರಿ ಸಾಲ ಪಡೆದ ನಮ್ಮ ಅಕ್ಕ ತಂಗಿಯರಿಗೆ ಈ ಲೆಕ್ಕ ಕೂಡಲೇ ಹೊಳೆಯುತ್ತದೆ.

1969ರಲ್ಲಿ 40 ಎಕರೆ ಜಮೀನಿನಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಬೇಸಾಯ ಶುರುವಾಯಿತು. ಮುಂದೆ ಅದು 600 ಎಕರೆಗೂ ಮೀರಿ ಬೆಳೆಯಿತು. ಒಂದು ಭಾಗದಲ್ಲಿ ಮನೆಬಳಕೆಗೆ ಬೆಂಡೆ, ಅವರೆ ಜಾತಿಯ ಕಾಳು, ಸೊಪ್ಪು, ಗೆಣಸು. ಇನ್ನೊಂದು ಭಾಗದಲ್ಲಿ ಜಮೀನಿನ ಕಂತು ಕಟ್ಟಲು ಹತ್ತಿ, ಸೋಯಾ. ಸದಸ್ಯರಿಗೆ ತಿಂಗಳಿಗೆ ಒಂದು ಡಾಲರ್ ವಂತಿಗೆ. ಅದನ್ನೂ ಕಟ್ಟಲು ಶಕ್ತಿಯಿದ್ದ ಕುಟುಂಬಗಳು ಸುಮಾರು ಮೂವತ್ತು ಮಾತ್ರ. ಕಟ್ಟಲಾಗದ ನೂರಾರು ಕುಟುಂಬಗಳನ್ನೂ ಸದಸ್ಯರೆಂದೇ ಲೆಕ್ಕ ಹಿಡಿದರು. ಹಸಿದವರು ಬಿಳಿಯರಾದರೂ ತರಕಾರಿ ಕೊಟ್ಟರು. ಧಣಿಗಳು ಹೊರಹಾಕಿದವರಿಗೆ ಮನೆ ಕಟ್ಟಿಕೊಳ್ಳಲು ನೆರವಾದರು. ಹೊಲಿಗೆ ಕೆಲಸ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಬಂದವು.

ಇದು ಗೆದ್ದ ಕಥೆ ಎಂದು ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ನೆರೆ ಬಂತು, ಬರ ಬಂತು. ದೇಣಿಗೆ ಬತ್ತಿತು. ಹ್ಯಾಮರ್ ಅವರು ದೇಣಿಗೆ ತರಲು ದೇಶವೆಲ್ಲ ಭಾಷಣಕ್ಕೆ ತಿರುಗುತ್ತಿದ್ದರು, ಮೈ ಸೋತಿತ್ತು. ತೆರಿಗೆ ಬಾಕಿಗೆ 1976ರಲ್ಲಿ ಜಮೀನು ಕೈಬಿಟ್ಟಿತು. 1977ರ ಮಾರ್ಚ್ 14ರಂದು, 59ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಸಮಾಧಿ ರೂಲ್‌ವಿಲ್‌ನಲ್ಲಿದೆ.

ಮೇಯರ್ಸ್‌ವಿಲ್‌ನ ನಲ್ಲಿ

ಹಾಗಾದರೆ ಉಳಿದದ್ದೇನು? ಮಿಸಿಸಿಪಿ ನದಿಯ ದಂಡೆಯಲ್ಲಿ ಮೇಯರ್ಸ್‌ವಿಲ್ ಎಂಬ ಪುಟ್ಟ ಊರಿದೆ. ನಮ್ಮ ಒಂದು ಸಣ್ಣ ಹಳ್ಳಿಯಷ್ಟು ಜನ. ಅಲ್ಲಿ ಯುನೀಟಾ ಬ್ಲ್ಯಾಕ್‌ವೆಲ್ ಎಂಬ ಹೆಂಗಸು. ಅವರೂ ಹತ್ತಿ ಬಿಡಿಸಿದವರೇ. 1964ರಲ್ಲಿ ಮತಕ್ಕೆ ಹೆಸರು ಬರೆಸಲು ಹೋಗಿ ಕೆಲಸ ಕಳೆದುಕೊಂಡವರು, ಅಟ್ಲಾಂಟಿಕ್ ಸಿಟಿಗೆ ಹೋದ ಪ್ರತಿನಿಧಿಗಳಲ್ಲಿ ಒಬ್ಬರು. ಮುಂದೆ ಹಳ್ಳಿ ಹೆಂಗಸರು ಸ್ವಂತ ಮನೆ ಪಡೆಯಲು ನೆರವಾಗುವ ಕೆಲಸ ಮಾಡಿದರು. 1976ರಲ್ಲಿ ಮೇಯರ್ ಆಗಿ ಆಯ್ಕೆಯಾದರು. ಮಿಸಿಸಿಪಿಯಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಕಪ್ಪು ಮಹಿಳೆ ಅವರು.

ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ನಮ್ಮ ಗ್ರಾಮಸಭೆಯ ನಡಾವಳಿ ಓದಿದಂತೆ ಆಗುತ್ತದೆ. ಕುಡಿಯುವ ನೀರಿನ ವ್ಯವಸ್ಥೆ, ಒಳಚರಂಡಿ, ರಸ್ತೆಗೆ ಡಾಂಬರು, ಬಡವರಿಗೆ ಮನೆ. ಯೋಜನೆಯ ಕಾಗದ ತಾನೇ ಓದಿ ಅರ್ಥ ಮಾಡಿಕೊಳ್ಳಬೇಕೆಂದು ಐವತ್ತರ ವಯಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರಾದೇಶಿಕ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ದೇಶದ ಕಪ್ಪು ಮೇಯರುಗಳ ಸಂಘಕ್ಕೇ ಅಧ್ಯಕ್ಷೆಯಾದರು. ಅಟ್ಲಾಂಟಿಕ್ ಸಿಟಿಯಿಂದ ಬರಿಗೈಯಲ್ಲಿ ಬಂದ ಬಸ್ಸು ಹನ್ನೆರಡು ವರ್ಷದ ಮೇಲೆ ಒಂದು ಹಳ್ಳಿಗೆ ನೀರು ತಂದಿತು.

ನಾವು ಕೇಳಬೇಕಾದ್ದು

ಹೆಂಗಸರಿಗೆ ಕುರ್ಚಿ ಕೊಡುವ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. 73ನೇ ತಿದ್ದುಪಡಿ ಬಂದ ಮೇಲೆ ಮೂರನೇ ಒಂದು ಭಾಗ, 2010ರಿಂದ ಅರ್ಧ. ರೂಲ್‌ವಿಲ್‌ನ ಹೆಂಗಸರಿಗೆ ಯಾರೂ ಹೀಗೆ ಕುರ್ಚಿ ಕಾದಿರಿಸಿಕೊಡಲಿಲ್ಲ. ಆ ಲೆಕ್ಕದಲ್ಲಿ ನಾವು ಅದೃಷ್ಟವಂತರು.

ಆದರೆ ಪಂಚಾಯಿತಿ ಸುದ್ದಿಗೆ ತಿರುಗುವ ನಮಗೆ ಗೊತ್ತಿರುವ ಇನ್ನೊಂದು ಸಂಗತಿ ನಿಮಗೂ ಗೊತ್ತು. ಬೋರ್ಡಿನ ಮೇಲೆ ಅಮ್ಮನ ಹೆಸರು, ಫೋನ್ ಎತ್ತುವವರು ಯಜಮಾನರು. ಇದಕ್ಕೆ ಆ ಅಮ್ಮನನ್ನು ದೂರಿ ಫಲವಿಲ್ಲ. ಹ್ಯಾಮರ್ ಅವರ ಬದುಕು ತೋರಿಸುವುದು ಇದನ್ನೇ. ಒಬ್ಬಳು ಹೆಂಗಸು ಬಾಯಿ ಬಿಡಬೇಕಾದರೆ ಅವಳ ಹಿಂದೆ ಮೂರು ಬೇಕು. ಕಾಗದ ಓದಿ ಸಹಿ ಹಾಕುವಷ್ಟು ತಿಳಿವಳಿಕೆ, ಸಿಟ್ಟಾದವರು ಕಿತ್ತುಕೊಳ್ಳಲಾಗದ ಸ್ವಂತ ಅನ್ನ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಹಾಡಿಗೆ ದನಿಗೂಡಿಸುವ ಹದಿನೇಳು ಜನ. ಕಪ್ಪು ಹೆಂಗಸರು ಈ ಮೂರನ್ನೂ ತಾವೇ ಕಟ್ಟಿಕೊಂಡರು. ಅಂಗಡಿಯ ಹಿಂದಿನ ಶಾಲೆ, ಹಂದಿ ಬ್ಯಾಂಕು, ಹಳ್ಳಿಯವರದೇ ಒಂದು ಪಕ್ಷ.

ಮುಂದಿನ ಗ್ರಾಮಸಭೆಗೆ ಹೋದಾಗ ಒಂದು ಕೆಲಸ ಮಾಡಿ. ಸಭೆಯಲ್ಲಿ ಎಷ್ಟು ಹೆಂಗಸರು ಬಂದರು ಎಂದು ಎಣಿಸುವುದು ಸುಲಭ. ಅವರಲ್ಲಿ ಎಷ್ಟು ಜನ ಮಾತಾಡಿದರು, ಅವರು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬಂತೇ, ಅದನ್ನು ಎಣಿಸಿ. ಬಂದಿಲ್ಲದಿದ್ದರೆ ಪುಸ್ತಕ ಮುಚ್ಚುವ ಮೊದಲೇ ಪಿಡಿಒ ಅವರಿಗೆ ಹೇಳಿ ಬರೆಸಿ. ಆ ತಕ್ಕಡಿಯ ಗುಂಡನ್ನು ಬದಲಿಸುವ ಕೆಲಸ ಅಲ್ಲಿದೆ.